ಅಣ್ಣನ ಮನೆ, ಕೆಲಸಗಾರರ ಬೋನಸ್

ಘಟಕದಲ್ಲಿ ಪಾಲುದಾರರಾದ ನಿಮ್ಮ ಅಣ್ಣ ಮನೆ ಕಟ್ಟಲು ಲಾಭದ ಪಾಲು ಕೇಳುತ್ತಿದ್ದಾರೆ, 26 ಕೆಲಸಗಾರರು ದೀಪಾವಳಿ ಬೋನಸ್ಸಿಗೆ ಕಾದಿದ್ದಾರೆ, ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪಿನವರ ಬಿಲ್ಲು ಮೂರು ತಿಂಗಳಿಂದ ಬಾಕಿ. ಇದ್ದ ಹಣವನ್ನು ಮೂವರಿಗೂ ಸಮನಾಗಿ ಹಂಚಲೇ ಎಂದು ಕೇಳಿದ್ದೀರಿ. ಬೇಡ. ಇವು ಒಂದೇ ತೂಕದ ಬೇಡಿಕೆಗಳಲ್ಲ.

ಮೊದಲು ವರ್ಕ್‌ಶಾಪಿನ ಬಾಕಿ ತೀರಿಸಿ. ಅದು ಉದ್ಯಮ್ ನೋಂದಣಿಯಿರುವ ಸಣ್ಣ ಘಟಕವಾದರೆ, 2006ರ ಎಂಎಸ್‌ಎಂಇ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನವಷ್ಟೇ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ದೊಡ್ಡ ಕಂಪನಿಗಳು ನಿಮ್ಮನ್ನು ಹೀಗೆಯೇ ಸತಾಯಿಸಿದಾಗ ಎಷ್ಟು ಉರಿಯುತ್ತದೆಂದು ನಿಮಗೇ ಗೊತ್ತು.

ಬೋನಸ್ಸಿನಲ್ಲಿ ನಿಮ್ಮಂಥ ಹಳೇ ಘಟಕ ಅರ್ಹರಿಗೆ ವರ್ಷದ ವೇತನದ ಕನಿಷ್ಠ ಶೇ. 8.33 ಕೊಡಲೇಬೇಕು. ಹಂಚಬಹುದಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಆ ಲೆಕ್ಕದಂತೆ ಶೇ. 20ರವರೆಗೂ ಕೊಡಬೇಕಾಗುತ್ತದೆ.

ಕಷ್ಟದ್ದು ಅಣ್ಣನ ವಿಷಯವೇ. ಸಾಲ ಕೊಟ್ಟವರಿಗೆ, ಕೆಲಸಗಾರರಿಗೆ ಕೊಟ್ಟು ಉಳಿದದ್ದಷ್ಟೇ ಪಾಲುದಾರರದು. ಇದನ್ನು ಊಟದ ಹೊತ್ತಿನಲ್ಲಿ, ಅತ್ತಿಗೆಯ ಎದುರು ಎತ್ತಬೇಡಿ. ಆಡಿಟರ್ ಕಚೇರಿಯಲ್ಲಿ ಲೆಕ್ಕಪುಸ್ತಕ ತೆರೆದಿಟ್ಟು ಕೂತು ಮಾತಾಡಿ. ತಿಂಗಳಿಗೆ ಇಬ್ಬರೂ ಎಷ್ಟು ತೆಗೆದುಕೊಳ್ಳಬಹುದೆಂದು ಪಾಲುದಾರಿಕೆ ಪತ್ರದಲ್ಲೇ ಬರೆಸಿ. ಆ ಮಿತಿ ನಿಮಗೂ ಇರಲಿ. ಇಲ್ಲವಾದರೆ ಅವರು ಸಹಿ ಹಾಕುವುದಿಲ್ಲ.