ಏಡ್ಸ್: ದೇಹದ ಕಾವಲು ಕುಸಿದಾಗ

ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವಾಗ ಪಕ್ಕದಲ್ಲಿರುವವರು ಎಚ್.ಐ.ವಿ. ಸೋಂಕಿತರೆಂದು ತಿಳಿದರೆ ನಿಮ್ಮ ಕೈ ಹಿಂದೆ ಸರಿಯುವುದೇ? ಉತ್ತರ ಹೇಳುವ ಮೊದಲು ಈ ರೋಗ ದೇಹದೊಳಗೆ ಏನು ಮಾಡುತ್ತದೆಂದು ತಿಳಿಯೋಣ.

ನಮ್ಮ ಬಿಳಿ ರಕ್ತಕಣಗಳಲ್ಲಿ ‘ಟಿ’ ಕಣಗಳೆಂಬ ಗುಂಪೊಂದಿದೆ. ಇವುಗಳಲ್ಲಿ ಕೆಲವು, ರೋಗಾಣು ಹೊಕ್ಕ ಜೀವಕೋಶಗಳನ್ನು ನೇರವಾಗಿ ಕೊಲ್ಲುತ್ತವೆ. ಸಹಾಯಕ ಟಿ ಕಣಗಳ ಕೆಲಸ ಬೇರೆ. ಅವು ಉಳಿದ ಕಣಗಳನ್ನು ಎಚ್ಚರಿಸಿ ಹೋರಾಟಕ್ಕೆ ಹಚ್ಚುತ್ತವೆ. ಇದು ಸಣ್ಣ ಕೆಲಸವಲ್ಲ. ಕ್ಷಯದ ರೋಗಾಣುವನ್ನೇ ನೋಡಿ. ಅದನ್ನು ನುಂಗುವ ಕಣಗಳು ನಮ್ಮ ಶ್ವಾಸಕೋಶದಲ್ಲಿವೆ. ಆದರೆ ನುಂಗಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಸಹಾಯಕ ಕಣದಿಂದ ರಾಸಾಯನಿಕ ಸಂದೇಶ ಬಂದ ಮೇಲೆಯೇ ಅವುಗಳಿಗೆ ಪೂರ್ಣ ಬಲ.

ಎಚ್.ಐ.ವಿ. ಮುಖ್ಯವಾಗಿ ಹಿಡಿಯುವುದು ಈ ಸಹಾಯಕ ಕಣಗಳನ್ನೇ. ಅವುಗಳ ಮೇಲ್ಮೈಯಲ್ಲಿರುವ ಸಿ.ಡಿ.4 ಎಂಬ ಅಂಶಕ್ಕೆ ಅಂಟಿಕೊಂಡು ಒಳನುಗ್ಗಿ, ಆ ಕಣವನ್ನೇ ವೈರಸ್ಸಿನ ಕಾರ್ಖಾನೆಯನ್ನಾಗಿ ಮಾಡುತ್ತದೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1500 ಸಿ.ಡಿ.4 ಕಣಗಳಿರುತ್ತವೆ. ಚಿಕಿತ್ಸೆ ಸಿಗದಿದ್ದರೆ ವರ್ಷಗಳು ಉರುಳಿದಂತೆ ಇವು ಕರಗುತ್ತವೆ. 200ಕ್ಕಿಂತ ಕೆಳಗಿಳಿದರೆ ಅದನ್ನು ಏಡ್ಸ್ ಎನ್ನುತ್ತಾರೆ. ಆಗ ಬಾಯಿಯ ಶಿಲೀಂಧ್ರ, ಅಪರೂಪದ ನ್ಯುಮೋನಿಯ, ನಮ್ಮ ದೇಶದಲ್ಲಂತೂ ಕ್ಷಯ, ತೆರೆದ ಬಾಗಿಲು ಕಂಡಂತೆ ಒಳಬರುತ್ತವೆ.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಕೈಹಿಡಿದರೆ, ಜೊತೆಯಲ್ಲಿ ಉಂಡರೆ, ಒಂದೇ ಬೆಂಚಿನಲ್ಲಿ ಕುಳಿತರೆ ಎಚ್.ಐ.ವಿ. ಹರಡುವುದಿಲ್ಲ. ಆದರೆ ಕಾವಲು ಕುಸಿದ ಆ ಸಹೋದರ ಸಹೋದರಿಯರಿಗೆ ನಮ್ಮ ಕೆಮ್ಮು ಅಪಾಯ ತರಬಹುದು. ಯಾರು ಯಾರಿಗೆ ಹೆದರಬೇಕೆಂಬುದನ್ನೇ ನಾವು ತಲೆಕೆಳಗು ಮಾಡಿಕೊಂಡಿದ್ದೇವೆ!

ಮದರ್ ತೆರೇಸಾರವರು 1985ರ ಕ್ರಿಸ್ಮಸ್ ಹಿಂದಿನ ದಿನ ನ್ಯೂಯಾರ್ಕಿನಲ್ಲಿ ಏಡ್ಸ್ ರೋಗಿಗಳಿಗಾಗಿ ಮನೆಯೊಂದನ್ನು ತೆರೆದಾಗ, ಈ ವೈರಸ್ಸನ್ನು ತಡೆಯುವ ಔಷಧಿ ಬಳಕೆಗೆ ಬಂದಿರಲಿಲ್ಲ. ಆರೈಕೆಯೊಂದೇ ಕೊಡಲು ಸಾಧ್ಯವಿತ್ತು. ಇಂದು ಔಷಧಿಯಿದೆ, ನಮ್ಮ ದೇಶದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ 2004ರಿಂದ ಉಚಿತವಾಗಿ ದೊರೆಯುತ್ತಿದೆ. ದಿನವೂ ತಪ್ಪದೆ ಸೇವಿಸಿದರೆ ಸಿ.ಡಿ.4 ಕಣಗಳು ಮತ್ತೆ ಹೆಚ್ಚುತ್ತವೆ. ಸೋಂಕಿತ ತಾಯಿ ಗರ್ಭಿಣಿಯಾಗಿದ್ದಾಗಲೇ ಚಿಕಿತ್ಸೆ ಪಡೆದರೆ ಮಗುವನ್ನೂ ಬಹುಮಟ್ಟಿಗೆ ಕಾಪಾಡಬಹುದು.

ಒಂದು ಮಾತನ್ನು ಒತ್ತಿ ಹೇಳಬೇಕು. ಧ್ಯಾನಕೂಟಕ್ಕೆ ಹೋಗಿ ಬಂದು ಮೈಮನಸ್ಸು ಹಗುರಾಯಿತೆಂದು ಮಾತ್ರೆ ಬಿಡಬೇಡಿ, ಬಿಡುವಂತೆ ಯಾರಿಗೂ ಹೇಳಬೇಡಿ. ವೈರಸ್ಸು ಕೆಲವು ಕಣಗಳಲ್ಲಿ ಅಡಗಿ ಕುಳಿತಿರುತ್ತದೆ. ಮಾತ್ರೆ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ತಲೆಯೆತ್ತುತ್ತದೆ.