ಕಡತದ ಹೆಸರು: ಕಣ್ಣಿಗೆ ಒಂದು, ಯಂತ್ರಕ್ಕೆ ಎರಡು

ನಮ್ಮ ಬಿಳೂರ ಗಡಿಭಾಗದ ಊರು. ಇಲ್ಲಿಯ ಹೆಸರುಗಳನ್ನು ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಮೂರು ಲಿಪಿಗಳಲ್ಲಿ ಬರೆಯುವ ಪ್ರಸಂಗ ಬರುತ್ತದೆ. ಮಕ್ಕಳ ದಾಖಲೆಗಳು ಗಣಕಯಂತ್ರವನ್ನು ಸೇರಿರುವ ಈ ಕಾಲದಲ್ಲಿ, ಕಡತಕ್ಕೆ ಹೆಸರಿಡುವ ಕ್ರಮವನ್ನು ವಿದ್ಯಾರ್ಥಿಗಳೂ ಪಾಲಕರೂ ಅರಿತಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಕಡತದ ಪೂರ್ಣ ವಿಳಾಸಕ್ಕೆ ಪಥವೆಂದು ಹೆಸರು. ಜಿಲ್ಹೆ, ತಾಲೂಕು, ಊರು ಎಂಬಂತೆ ಅದರಲ್ಲಿ ಖಾನೆ, ಒಳಖಾನೆ, ಕಡತ ಎಂಬ ಕ್ರಮವಿರುತ್ತದೆ. ಇವುಗಳನ್ನು ಬೇರ್ಪಡಿಸಲು ಲಿನಕ್ಸ್ ವ್ಯವಸ್ಥೆಯು / ಎಂಬ ಓರೆಗೆರೆಯನ್ನೂ, ವಿಂಡೋಸ್ ವ್ಯವಸ್ಥೆಯು ಮುಖ್ಯವಾಗಿ \ ಎಂಬ ಹಿಂದೋರೆಯನ್ನೂ ಬಳಸುತ್ತವೆ. "ಇಯತ್ತೆ ೭/೨೦೨೪" ಎಂದು ಬರೆದರೆ, "ಇಯತ್ತೆ ೭" ಒಂದು ಖಾನೆಯೆಂದೇ ಲಿನಕ್ಸ್ ತಿಳಿಯುವುದು. ವಿಂಡೋಸಿನಲ್ಲಿ ಈ ಎರಡು ಗೆರೆಗಳಲ್ಲದೆ : * ? " < > | ಎಂಬ ಚಿಹ್ನೆಗಳೂ ನಿಷಿದ್ಧ.

ಲಿನಕ್ಸ್ ಇವನ್ನು ಹೆಸರಿನಲ್ಲಿ ಒಪ್ಪುತ್ತದೆಯಾದರೂ ಅಪಾಯವುಂಟು. ಹುಡುಕುವಾಗ * ಎಂದರೆ "ಎಷ್ಟಾದರೂ ಅಕ್ಷರ", ? ಎಂದರೆ "ಯಾವುದಾದರೊಂದು ಅಕ್ಷರ". "ಫಲಿತಾಂಶ*" ಎಂಬ ಒಂದು ಕಡತವನ್ನು ಅಳಿಸಹೋದರೆ, "ಫಲಿತಾಂಶ" ಎಂದು ಆರಂಭವಾಗುವ ಎಲ್ಲ ಕಡತಗಳೂ ಅಳಿದುಹೋದಾವು! ನಕ್ಷತ್ರವನ್ನು ಬರಿಯ ನಕ್ಷತ್ರವೆಂದು ತಿಳಿಸಲು ಅದರ ಹಿಂದೆ \ ಇಡಬೇಕು. ವಿಂಡೋಸಿನಲ್ಲಿ ಬೇರ್ಪಡಿಸುವ ಗೆರೆಯೇ ಇಲ್ಲಿ ರಕ್ಷಕನಾಗುತ್ತದೆ.

ಇನ್ನು ನಮ್ಮ ಲಿಪಿಯ ಸೂಕ್ಷ್ಮ. ನಮ್ಮ ತಾಲೂಕಿನ ಸೊನ್ಯಾಳದ ಹೆಸರನ್ನು ನೋಡಿರಿ. ಯೂನಿಕೋಡ್ ಸಂಕೇತಕ್ರಮದಲ್ಲಿ "ಸೊ" ಎಂಬುದರ ಒಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು. ಎಕಾರ, ಊಕಾರಗಳ ಎರಡು ಚಿಹ್ನೆಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್ ಯಂತ್ರಗಳ ಹಳೆಯ ಕಡತವ್ಯವಸ್ಥೆಯು ಹೆಸರನ್ನು ಬಿಡಿಸಿ ಇಡುತ್ತಿತ್ತು. ವಿಂಡೋಸ್, ಲಿನಕ್ಸ್‌ಗಳು ಕೊಟ್ಟಂತೆಯೇ ಇಡುತ್ತವೆ. ಆದ್ದರಿಂದ ಅಲ್ಲಿಂದ ತಂದ ಕಡತವನ್ನು ಇಲ್ಲಿ ಹುಡುಕಿದರೆ "ಇಲ್ಲ" ಎಂಬ ಉತ್ತರ ಬರಬಹುದು. "ಬಿಳೂರ" ಎಂಬ ಹೆಸರಿಗೆ ಈ ತೊಡಕಿಲ್ಲ. ಅದರ ಇಕಾರ, ಊಕಾರಗಳು ಒಡೆಯುವಂಥವಲ್ಲ.

ಪರಿಹಾರವೇನು? ಹೋಲಿಸುವ ಮೊದಲು ಎರಡು ಹೆಸರುಗಳನ್ನೂ ಒಂದೇ ರೂಪಕ್ಕೆ ತರಬೇಕು. ಇದಕ್ಕೆ ಯೂನಿಕೋಡಿನಲ್ಲಿಯೇ ನಿಯಮವುಂಟು. ಹೆಸರಿಡುವಾಗ ಅಕ್ಷರ, ಅಂಕೆ, ಅಡ್ಡಗೆರೆಗಳಷ್ಟನ್ನೇ ಬಳಸಿ, "೨೦೨೪-ಇಯತ್ತೆ-೭" ಎಂಬಂತೆ ವರ್ಷವನ್ನು ಮೊದಲು ಬರೆಯುವುದು ಲೇಸು.

ಪಾಲಕರಲ್ಲಿ ನಮ್ಮದೊಂದು ವಿನಂತಿ: ಮಗುವಿನ ದಾಖಲೆ ಸಿಗಲಿಲ್ಲವೆಂದು ಯಂತ್ರವು ಹೇಳಿದೊಡನೆ ಅದು ನಾಶವಾಯಿತೆಂದು ನಂಬಬಾರದು, ದಾಖಲಾತಿ ಸಂಖ್ಯೆಯಿಂದಲೂ ಹುಡುಕಿಸಬೇಕು. ಯಂತ್ರವು ಹೆಸರನ್ನು ಓದುವುದಿಲ್ಲ, ಚಿಹ್ನೆಗಳನ್ನು ಎಣಿಸುತ್ತದೆ. ಓದುವ ಹೊಣೆ ನಮ್ಮದೇ.