ಎರಡು ತಂತ್ರಾಂಶಗಳ ಜೋಡಣೆ: ಬಿಲ್ಲಿಂಗ್, ಲೆಕ್ಕಪತ್ರ ಮತ್ತು ಇ-ಇನ್‌ವಾಯ್ಸ್

ಅನೇಕ ಸಗಟು ಮಳಿಗೆಗಳಲ್ಲಿಯೂ ಸಣ್ಣ ಕಾರ್ಖಾನೆಗಳಲ್ಲಿಯೂ ಎರಡು ತಂತ್ರಾಂಶಗಳು ಅಕ್ಕಪಕ್ಕದಲ್ಲಿ ಕೆಲಸ ಮಾಡುತ್ತಿರುತ್ತವೆ. ಕೌಂಟರಿನಲ್ಲಿ ಬಿಲ್ ಬರೆದು ದಾಸ್ತಾನು ನೋಡಿಕೊಳ್ಳಲು ಒಂದು. ಕಚೇರಿಯಲ್ಲಿ ಲೆಕ್ಕಪತ್ರ ಇಡಲು ಟ್ಯಾಲಿಯಂತಹ ಮತ್ತೊಂದು. ಇವು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರಿಂದ ಕೊಂಡವಾದ್ದರಿಂದ ಒಂದಕ್ಕೆ ಮತ್ತೊಂದರ ಪರಿಚಯವಿರುವುದಿಲ್ಲ. ಸಂಜೆ ಗುಮಾಸ್ತರು ಕುಳಿತು, ದಿನದ ಬಿಲ್ಲುಗಳನ್ನು ಮೊದಲನೆಯದರಿಂದ ನೋಡಿ ಎರಡನೆಯದರಲ್ಲಿ ಮತ್ತೊಮ್ಮೆ ಟೈಪ್ ಮಾಡುವುದು ವಾಡಿಕೆ. ಇದರಲ್ಲಿ ಸಮಯ ಹಾಳಾಗುತ್ತಿತ್ತೇ ಹೊರತು ದೊಡ್ಡ ಅಪಾಯವಿರಲಿಲ್ಲ. ತಪ್ಪಾದರೆ ತಿಂಗಳ ಕೊನೆಯಲ್ಲಿ ತಾಳೆ ನೋಡಿ ತಿದ್ದಿಕೊಳ್ಳಬಹುದಾಗಿತ್ತು.

ಇ-ಇನ್‌ವಾಯ್ಸ್ ವ್ಯವಸ್ಥೆಯು ಈ ಅನುಕೂಲವನ್ನು ಬಹುಮಟ್ಟಿಗೆ ತೆಗೆದುಹಾಕಿದೆ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಸಂಸ್ಥೆಗಳಿಂದ ಆರಂಭವಾದ ಈ ಕಡ್ಡಾಯವು ಹಂತಹಂತವಾಗಿ ಕೆಳಗಿಳಿದು, 2022ರ ಅಕ್ಟೋಬರ್ 1ರಿಂದ 10 ಕೋಟಿ, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾಯಿತು. 2017-18ರಿಂದೀಚೆಗೆ ಯಾವುದೇ ಒಂದು ವರ್ಷದಲ್ಲಿ ಈ ಮಿತಿ ದಾಟಿದ್ದರೂ ಸಾಕು. ಅಂತಹ ವರ್ತಕರು ನೋಂದಾಯಿತ ಖರೀದಿದಾರರಿಗೆ ಬರೆಯುವ ಪ್ರತಿಯೊಂದು ಬಿಲ್ಲನ್ನೂ ಪೋರ್ಟಲ್‌ಗೆ ಕಳುಹಿಸಿ, ಅಲ್ಲಿಂದ 64 ಅಕ್ಷರಗಳ ಐಆರ್‌ಎನ್ ಎಂಬ ಗುರುತುಸಂಖ್ಯೆಯನ್ನೂ ಕ್ಯೂಆರ್ ಸಂಕೇತವನ್ನೂ ಪಡೆಯತಕ್ಕದ್ದು. ಇವಿಲ್ಲದ ಬಿಲ್ಲನ್ನು ಜಿಎಸ್‌ಟಿ ನಿಯಮ 48(5) ಇನ್‌ವಾಯ್ಸ್ ಎಂದೇ ಪರಿಗಣಿಸುವುದಿಲ್ಲ. ಖರೀದಿದಾರರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದಿದ್ದರೆ ಅವರು ಮಾರಾಟಗಾರರ ಹಣವನ್ನೇ ತಡೆಹಿಡಿಯುವುದು ಪೇಟೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಹೀಗಾಗಿ ಎರಡು ತಂತ್ರಾಂಶಗಳ ನಡುವಿನ ಹೊಂದಾಣಿಕೆ ಈಗ ಕೇವಲ ಗುಮಾಸ್ತರ ಶ್ರಮದ ಪ್ರಶ್ನೆಯಾಗಿ ಉಳಿದಿಲ್ಲ. ಬರಬೇಕಾದ ಹಣದ ಪ್ರಶ್ನೆಯಾಗಿದೆ.

ಮೊದಲಿಗೇ ಒಂದು ಮಾತು. ಬಿಲ್ಲನ್ನು ಲೆಕ್ಕಪತ್ರದ ತಂತ್ರಾಂಶದಲ್ಲಿಯೇ ಬರೆಯಲು ಸಾಧ್ಯವಿದ್ದಲ್ಲಿ ಜೋಡಣೆಯ ಗೊಡವೆಯೇ ಬೇಡ. ದಿನಕ್ಕೆ ಇಪ್ಪತ್ತು ಮೂವತ್ತು ಬಿಲ್ಲುಗಳಿಗೆ ಪ್ರತ್ಯೇಕ ಕೌಂಟರ್ ತಂತ್ರಾಂಶವನ್ನು ಇಟ್ಟುಕೊಂಡು, ಅದನ್ನು ಮತ್ತೊಂದಕ್ಕೆ ಕಟ್ಟಲು ಹಣ ಸುರಿಯುವುದು ವಿವೇಕವಲ್ಲ. ಬಾರ್‌ಕೋಡ್, ಬ್ಯಾಚ್ ಸಂಖ್ಯೆ, ಹಲವು ಗೋದಾಮುಗಳ ದಾಸ್ತಾನು ಮುಂತಾದ ಅಗತ್ಯಗಳಿಂದ ಎರಡೂ ಬೇಕೇ ಬೇಕು ಎನ್ನುವವರಿಗಾಗಿ ಮುಂದಿನ ವಿವರಣೆ.

ಜೋಡಣೆಯ ವಿಧಾನಗಳು

ಸಾಮಾನ್ಯವಾಗಿ ಎರಡು ವಿಧಾನಗಳು ಬಳಕೆಯಲ್ಲಿವೆ. ಮೊದಲನೆಯದು ಕಡತದ ಮೂಲಕ: ಕೌಂಟರ್ ತಂತ್ರಾಂಶವು ದಿನದ ಬಿಲ್ಲುಗಳನ್ನು ಎಕ್ಸೆಲ್ ಅಥವಾ ಎಕ್ಸ್‌ಎಂಎಲ್ ಕಡತವಾಗಿ ಹೊರತೆಗೆಯುತ್ತದೆ, ಲೆಕ್ಕಪತ್ರದ ತಂತ್ರಾಂಶ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಎರಡನೆಯದು ನೇರ ಸಂಪರ್ಕ: ಟ್ಯಾಲಿಯು ಅದೇ ಜಾಲದಲ್ಲಿರುವ ಬೇರೆ ತಂತ್ರಾಂಶಗಳಿಂದ ಎಕ್ಸ್‌ಎಂಎಲ್ ರೂಪದ ಸಂದೇಶಗಳನ್ನು ಸ್ವೀಕರಿಸಬಲ್ಲದು, ಇದಕ್ಕೆ ಸಾಮಾನ್ಯವಾಗಿ 9000 ಎಂಬ ಪೋರ್ಟನ್ನು ಬಳಸುತ್ತಾರೆ. ಕಡತದ ವಿಧಾನ ಹಳೆಯದೆಂದು ತಾತ್ಸಾರ ಮಾಡಬೇಕಾಗಿಲ್ಲ. ದಿನಕ್ಕೊಮ್ಮೆ ನಡೆಯುವ ಕೆಲಸವಾದ್ದರಿಂದ, ಒಳಗೆ ಹೋಗುವ ಮೊದಲು ಒಬ್ಬರ ಕಣ್ಣು ಅದರ ಮೇಲೆ ಬೀಳುತ್ತದೆ. ನೇರ ಸಂಪರ್ಕದಲ್ಲಿ ವೇಗ ಹೆಚ್ಚು; ತಪ್ಪೂ ಅಷ್ಟೇ ವೇಗದಲ್ಲಿ ಹರಡುತ್ತದೆ.

ಯಾವ ದಾಖಲೆ ಯಾರದು?

ತಂತ್ರಾಂಶ ಜೋಡಿಸಿಕೊಡುವವರು ಎರಡರ ನಡುವಿನ ಸಂಪರ್ಕದ ಕುರಿತು ವಿವರವಾಗಿ ಮಾತನಾಡುತ್ತಾರೆ. ಆದರೆ ಜೋಡಣೆ ಕೆಡುವುದು ಬಹುತೇಕ ಸಂಪರ್ಕದಲ್ಲಿ ಅಲ್ಲ, ಯಾವ ದಾಖಲೆಗೆ ಯಾವ ತಂತ್ರಾಂಶ ಒಡೆಯ ಎಂಬುದು ನಿರ್ಧಾರವಾಗದಿರುವುದರಲ್ಲಿ. ಗ್ರಾಹಕರ ಪಟ್ಟಿ ಎರಡೂ ಕಡೆ ಇದೆ. ಸರಕಿನ ಪಟ್ಟಿ ಎರಡೂ ಕಡೆ ಇದೆ. ತೆರಿಗೆಯ ದರ ಎರಡೂ ಕಡೆ ಇದೆ. ವ್ಯತ್ಯಾಸ ಬಂದಾಗ ಯಾವುದನ್ನು ನಂಬಬೇಕು? ಈ ಪ್ರಶ್ನೆಗೆ ಮಾಲೀಕರೇ ಮುಂಚಿತವಾಗಿ ಉತ್ತರ ಬರೆದುಕೊಡಬೇಕು. ಪ್ರೋಗ್ರಾಂ ಬರೆಯುವವರಿಗೆ ಬಿಡುವಂತಹದಲ್ಲ.

2025ರ ಸೆಪ್ಟೆಂಬರ್ 22ರಂದು ಇದರ ಪರೀಕ್ಷೆಯೇ ನಡೆಯಿತೆನ್ನಬಹುದು. ಅಂದು ಶೇ. 12 ಮತ್ತು ಶೇ. 28ರ ದರಗಳಲ್ಲಿದ್ದ ಬಹುತೇಕ ಸರಕುಗಳು ಶೇ. 5 ಮತ್ತು ಶೇ. 18ಕ್ಕೆ ಬಂದವು. ದರದ ಪಟ್ಟಿ ಒಂದೇ ಕಡೆ ಇದ್ದು ಇನ್ನೊಂದು ಅದನ್ನು ಅನುಸರಿಸುತ್ತಿದ್ದರೆ ಒಮ್ಮೆ ತಿದ್ದಿದರೆ ಕೆಲಸ ಮುಗಿಯುತ್ತದೆ. ಎರಡೂ ಕಡೆ ಸ್ವತಂತ್ರವಾಗಿದ್ದರೆ ಬಿಲ್ಲಿನಲ್ಲಿ ಒಂದು ದರ, ಲೆಕ್ಕದಲ್ಲಿ ಇನ್ನೊಂದು ದರ ಬೀಳುವ ಸಂಭವವಿದೆ. ಹಾಗೆಂದು ಹಳೆಯ ದರವನ್ನು ಅಳಿಸಿ ಹೊಸದನ್ನು ಬರೆಯುವುದೂ ಸರಿಯಲ್ಲ. ಸೆಪ್ಟೆಂಬರ್ 22ಕ್ಕೆ ಮೊದಲು ಮಾರಿದ ಸರಕು ಆಮೇಲೆ ವಾಪಸಾದರೆ ಕ್ರೆಡಿಟ್ ನೋಟಿನಲ್ಲಿ ಮಾರಾಟದ ದಿನದ ದರವೇ ಇರಬೇಕು. ಆದ್ದರಿಂದ ದರದ ಜೊತೆಗೆ ಅದು ಜಾರಿಗೆ ಬಂದ ದಿನಾಂಕವನ್ನೂ ಇಟ್ಟುಕೊಳ್ಳುವ ತಂತ್ರಾಂಶವೇ ದರದ ಒಡೆಯನಾಗಿರುವುದು ಕ್ಷೇಮ.

ಒಡೆತನ ನಿರ್ಧಾರವಾದ ಮೇಲೆ ಗುರುತಿನ ಪ್ರಶ್ನೆ. ಟ್ಯಾಲಿಗೆ ಹೊರಗಿನಿಂದ ಬರುವ ಬಿಲ್ಲು ಸಾಮಾನ್ಯವಾಗಿ ಖಾತೆಯನ್ನು ಹೆಸರಿನಿಂದ ಹುಡುಕುತ್ತದೆ. ಕೌಂಟರಿನಲ್ಲಿ ‘ಎಂಟರ್‌ಪ್ರೈಸಸ್’ ಎಂದು ಪೂರ್ತಿ ಬರೆದು, ಲೆಕ್ಕದಲ್ಲಿ ಅದನ್ನೇ ‘ಎಂಟ್.’ ಎಂದು ಮೊಟಕುಗೊಳಿಸಿದ್ದರೆ, ಮನುಷ್ಯರಿಗೆ ಅದು ಒಂದೇ ಅಂಗಡಿ, ಯಂತ್ರಕ್ಕೆ ಎರಡು. ಆಗ ಬಿಲ್ಲು ತಿರಸ್ಕೃತವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸಂಪರ್ಕದ ಪ್ರೋಗ್ರಾಂ ‘ಸಹಾಯ’ ಮಾಡಲು ಹೋಗಿ ಹೊಸ ಖಾತೆಯೊಂದನ್ನು ತೆರೆದುಬಿಡುವುದು. ಅದೇ ಗಿರಾಕಿಯ ಬಾಕಿ ಒಂದು ಖಾತೆಯಲ್ಲಿ, ಕೊಟ್ಟ ಹಣ ಇನ್ನೊಂದರಲ್ಲಿ. ವಸೂಲಿಗೆ ಹೋದವರು ಅಂಗಡಿಯ ಮುಂದೆ ಪೆಚ್ಚಾಗಬೇಕಾಗುತ್ತದೆ.

ಹೆಸರಿನ ಬದಲು ಜಿಎಸ್‌ಟಿ ಸಂಖ್ಯೆಯನ್ನು ಗುರುತಾಗಿ ಬಳಸುವುದು ಉತ್ತಮ. ಅದರ 15 ಸ್ಥಾನಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಮುಂದಿನ ಹತ್ತು ಪ್ಯಾನ್, ಕಡೆಯದು ಟೈಪ್ ಮಾಡುವಾಗಿನ ತಪ್ಪನ್ನು ಹಿಡಿಯುವ ತಾಳೆ ಅಕ್ಷರ. ಆದರೂ ಅದೊಂದೇ ಸಾಲದು. ಒಂದೇ ಸಂಖ್ಯೆಯಡಿ ಹುಬ್ಬಳ್ಳಿಯಲ್ಲೊಂದು, ದಾವಣಗೆರೆಯಲ್ಲೊಂದು ಶಾಖೆಯಿರುವ ಖರೀದಿದಾರರಿರುತ್ತಾರೆ. ನೋಂದಣಿಯೇ ಇಲ್ಲದ ಚಿಲ್ಲರೆ ವ್ಯಾಪಾರಿಗಳೂ ಇರುತ್ತಾರೆ. ಆದ್ದರಿಂದ ಪ್ರತಿ ಗ್ರಾಹಕರಿಗೂ ತಮ್ಮದೇ ಆದ ಒಂದು ಚಿಕ್ಕ ಸಂಕೇತಸಂಖ್ಯೆಯನ್ನು ಕೊಟ್ಟು, ಅದನ್ನು ಎರಡೂ ತಂತ್ರಾಂಶಗಳಲ್ಲಿ ಬರೆದಿಡುವುದು ವಾಸಿ. ಹೆಸರು ಬದಲಾದರೂ ವಿಳಾಸ ಬದಲಾದರೂ ಆ ಸಂಖ್ಯೆ ಬದಲಾಗಬಾರದು. ಸರಕಿಗೂ ಇದೇ ಕ್ರಮ. ಜೊತೆಗೆ, ಕೌಂಟರಿನಲ್ಲಿ ‘ಕೆ.ಜಿ.’, ‘ಪೀಸ್’ ಎಂದು ಬರೆದ ಅಳತೆಗಳಿಗೆ ಇ-ಇನ್‌ವಾಯ್ಸ್ ಪೋರ್ಟಲ್ ತನ್ನದೇ ಮೂರಕ್ಷರದ ಸಂಕೇತಗಳನ್ನು ನಿಗದಿಪಡಿಸಿರುವುದನ್ನು ಮರೆಯಬಾರದು.

ಒಂದು ಮಾರಾಟ, ಎರಡು ಐಆರ್‌ಎನ್

ಜೋಡಣೆಯಲ್ಲಿ ನೇರವಾಗಿ ಹಣಕ್ಕೆ ಪೆಟ್ಟು ಬೀಳುವುದು ಇಲ್ಲಿ. ಐಆರ್‌ಎನ್ ತಯಾರಾಗುವುದು ನಾಲ್ಕು ವಿವರಗಳಿಂದ: ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ. ಬಿಲ್ಲಿನ ಮೊತ್ತವಾಗಲಿ ಖರೀದಿದಾರರ ಹೆಸರಾಗಲಿ ಇದರಲ್ಲಿ ಸೇರುವುದಿಲ್ಲ. ಅಂದರೆ ಅದೇ ಬಿಲ್ಲು ಅದೇ ಸಂಖ್ಯೆಯಲ್ಲಿ ಎರಡನೆಯ ಬಾರಿ ಹೋದರೆ ಪೋರ್ಟಲ್ 2150 ಎಂಬ ದೋಷಸಂಖ್ಯೆಯೊಡನೆ ಅದನ್ನು ತಡೆಯುತ್ತದೆ. ಆದರೆ ಅದೇ ಮಾರಾಟ ಬೇರೆ ಸಂಖ್ಯೆಯಲ್ಲಿ ಹೋದರೆ ಪೋರ್ಟಲ್‌ಗೆ ಅದು ಬೇರೆಯದೇ ಬಿಲ್ಲು. ಎರಡಕ್ಕೂ ಐಆರ್‌ಎನ್ ಬರುತ್ತದೆ, ಎರಡೂ ಜಿಎಸ್‌ಟಿಆರ್-1ಕ್ಕೆ ಸೇರುತ್ತವೆ, ಎರಡಕ್ಕೂ ತೆರಿಗೆಯ ಹೊಣೆ ಬೀಳುತ್ತದೆ.

ಇದು ಎರಡು ದಾರಿಗಳಲ್ಲಿ ಸಂಭವಿಸುತ್ತದೆ. ಕೌಂಟರ್ ತಂತ್ರಾಂಶಕ್ಕೂ ಲೆಕ್ಕಪತ್ರದ ತಂತ್ರಾಂಶಕ್ಕೂ ಇ-ಇನ್‌ವಾಯ್ಸ್ ಸೌಲಭ್ಯವಿದ್ದು, ಎರಡರಲ್ಲೂ ಅದನ್ನು ಚಾಲನೆಯಲ್ಲಿಟ್ಟಿರುವುದು ಮೊದಲನೆಯದು. ಕೌಂಟರ್ ಕೊಟ್ಟ ‘ಕೌ/101’ ಎಂಬ ಸಂಖ್ಯೆಯನ್ನು ಬಿಟ್ಟು ಲೆಕ್ಕಪತ್ರದ ತಂತ್ರಾಂಶ ತಾನಾಗಿ ‘101’ ಎಂದು ಹಾಕಿಕೊಂಡರೆ ಮುಗಿಯಿತು. ಐಆರ್‌ಎನ್ ಕೇಳುವ ಅಧಿಕಾರ ಒಂದಕ್ಕೆ ಮಾತ್ರ ಇರಬೇಕು. ಇನ್ನೊಂದು ಬಂದ ಐಆರ್‌ಎನ್‌ ಅನ್ನು ಬರೆದಿಟ್ಟುಕೊಳ್ಳಬೇಕು ಅಷ್ಟೆ. ಟ್ಯಾಲಿಯಲ್ಲಿ ಹೊರಗಿನಿಂದ ಬರುವ ಬಿಲ್ಲುಗಳಿಗೆ ಪ್ರತ್ಯೇಕ ವೋಚರ್ ಬಗೆಯನ್ನು ಮಾಡಿ, ಸಂಖ್ಯೆ ಹಾಕುವ ಕ್ರಮವನ್ನು ‘ಮ್ಯಾನ್ಯುಯಲ್’ ಎಂದಿಟ್ಟು, ಒಂದೇ ಸಂಖ್ಯೆ ಎರಡು ಸಲ ಬರದಂತೆ ತಡೆಯುವ ಆಯ್ಕೆಯನ್ನು ಒಪ್ಪಿಕೊಂಡರೆ ಕೌಂಟರಿನ ಸಂಖ್ಯೆಯೇ ಉಳಿಯುತ್ತದೆ.

ಎರಡನೆಯ ದಾರಿ ಇನ್ನೂ ಸೂಕ್ಷ್ಮ. ಬಿಲ್ಲು ಪೋರ್ಟಲ್ ತಲುಪಿ ಐಆರ್‌ಎನ್ ಸಿದ್ಧವಾಗಿದೆ. ಉತ್ತರ ಹಿಂದಿರುಗುವಷ್ಟರಲ್ಲಿ ಇಂಟರ್‌ನೆಟ್ ನಿಂತಿದೆ. ಕೌಂಟರಿನಲ್ಲಿ ‘ವಿಫಲ’ ಎಂದು ಕಾಣುತ್ತದೆ. ಮತ್ತೆ ಕಳುಹಿಸಿದರೆ 2150. ಲಾರಿ ಹೊರಗೆ ನಿಂತಿದೆ, ಚಾಲಕ ಅವಸರ ಮಾಡುತ್ತಿದ್ದಾನೆ. ಗುಮಾಸ್ತರು ಬಿಲ್ಲಿನ ಸಂಖ್ಯೆಯನ್ನು ಬದಲಿಸಿ ಮತ್ತೊಮ್ಮೆ ಕಳುಹಿಸುತ್ತಾರೆ, ಈ ಬಾರಿ ಐಆರ್‌ಎನ್ ಬರುತ್ತದೆ, ಲಾರಿ ಹೊರಡುತ್ತದೆ. ಮೊದಲನೆಯ ಬಿಲ್ಲು ಯಾರಿಗೂ ಕಾಣದಂತೆ ಪೋರ್ಟಲ್‌ನಲ್ಲಿ ಉಳಿಯುತ್ತದೆ. ಸರಿಯಾಗಿ ಬರೆದ ಸಂಪರ್ಕವು 2150 ಅನ್ನು ಸೋಲೆಂದು ತಿಳಿಯದೆ, ‘ಇದು ಆಗಲೇ ಆಗಿದೆ’ ಎಂದು ಅರ್ಥ ಮಾಡಿಕೊಂಡು, ದಾಖಲೆಯ ಸಂಖ್ಯೆ ಕೊಟ್ಟು ಹಳೆಯ ಐಆರ್‌ಎನ್‌ ಅನ್ನೇ ಕೇಳಿ ಪಡೆಯಬೇಕು. ತಂತ್ರಾಂಶ ಕೊಳ್ಳುವಾಗ ಮಾರಾಟ ಪ್ರತಿನಿಧಿಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದೇ. ಪ್ರಾತ್ಯಕ್ಷಿಕೆಯ ವೇಳೆ ಇಂಟರ್‌ನೆಟ್ ತಂತಿಯನ್ನು ಕಿತ್ತು ನೋಡುವುದರಲ್ಲಿ ಸಂಕೋಚ ಬೇಡ.

ಸಂಖ್ಯೆಯ ವಿಷಯದಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. 2025ರ ಜೂನ್ 1ರಿಂದ ಪೋರ್ಟಲ್ ಇಂಗ್ಲಿಷಿನ ಸಣ್ಣ ಅಕ್ಷರ ಮತ್ತು ದೊಡ್ಡ ಅಕ್ಷರಗಳ ನಡುವೆ ಭೇದವೆಣಿಸುವುದಿಲ್ಲ. ಎಲ್ಲವನ್ನೂ ದೊಡ್ಡ ಅಕ್ಷರಗಳೆಂದೇ ತೆಗೆದುಕೊಳ್ಳುತ್ತದೆ. ಸಣ್ಣಕ್ಷರದ ಒಂದು ಸರಣಿ, ದೊಡ್ಡಕ್ಷರದ ಒಂದು ಸರಣಿ ಎಂದು ಎರಡು ಕೌಂಟರುಗಳನ್ನು ಪ್ರತ್ಯೇಕಿಸಿಕೊಂಡಿರುವವರು ಸರಣಿಯನ್ನು ಬದಲಿಸಲೇಬೇಕು. ಸಂಖ್ಯೆಯು 16 ಅಕ್ಷರಗಳನ್ನು ಮೀರಬಾರದೆಂಬ ಹಳೆಯ ನಿಯಮ ಇದ್ದೇ ಇದೆ.

ರದ್ದತಿ ಮತ್ತು ಪೈಸೆಯ ವ್ಯತ್ಯಾಸ

ಐಆರ್‌ಎನ್‌ ಅನ್ನು ಪೋರ್ಟಲ್‌ನಲ್ಲಿ ರದ್ದುಪಡಿಸಲು 24 ಗಂಟೆಗಳ ಅವಕಾಶ ಮಾತ್ರ. ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ಅದೂ ಸಾಧ್ಯವಿಲ್ಲ. ಒಮ್ಮೆ ರದ್ದಾದ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ಕೌಂಟರಿನಲ್ಲಿ ಅಳಿಸಿದ ಬಿಲ್ಲು ಲೆಕ್ಕಪತ್ರದಲ್ಲಿ ಉಳಿದು, ಪೋರ್ಟಲ್‌ನಲ್ಲೂ ಉಳಿದರೆ ಮೂರು ಕಡೆ ಮೂರು ಕಥೆ. ಆದುದರಿಂದ ಐಆರ್‌ಎನ್ ಬಂದ ಬಿಲ್ಲನ್ನು ಕೌಂಟರಿನಲ್ಲಿ ಅಳಿಸಲು ಅಥವಾ ತಿದ್ದಲು ಬಿಡಬಾರದು. ರದ್ದತಿಯ ಆದೇಶ ಮೊದಲು ಪೋರ್ಟಲ್‌ಗೆ ಹೋಗಿ, ಅಲ್ಲಿ ಒಪ್ಪಿಗೆಯಾದ ಮೇಲೆ ಇತರ ಎರಡು ಕಡೆ ಜಾರಿಯಾಗಬೇಕು. ಅವಧಿ ಮೀರಿದ ಮೇಲೆ ಕ್ರೆಡಿಟ್ ನೋಟ್ ಸಾಮಾನ್ಯ ದಾರಿ. 10 ಕೋಟಿ ಅಥವಾ ಅದಕ್ಕೂ ಹೆಚ್ಚಿನ ವಹಿವಾಟಿನವರಿಗೆ 2025ರ ಏಪ್ರಿಲ್ 1ರಿಂದ ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ಐಆರ್‌ಎನ್ ಪಡೆಯುವುದೂ ಕಡ್ಡಾಯವಾಗಿದೆ. ಸಂಪರ್ಕ ಕೆಟ್ಟು ಮೂಲೆಯಲ್ಲಿ ಬಿದ್ದ ಬಿಲ್ಲುಗಳನ್ನು ತಿಂಗಳ ಕೊನೆಗೆ ನೋಡೋಣವೆನ್ನುವ ಅಭ್ಯಾಸವನ್ನು ಅವರು ಬಿಡಬೇಕು.

ಪೈಸೆಯ ವ್ಯತ್ಯಾಸ ಚಿಕ್ಕದಾದರೂ ಕಾಡುವಂತಹದು. 12 ರೂಪಾಯಿ 50 ಪೈಸೆಯ ಹತ್ತು ಸಾಲುಗಳಿರುವ ಬಿಲ್ಲನ್ನು ನೋಡಿ. ಶೇ. 9ರ ಸಿಜಿಎಸ್‌ಟಿಯನ್ನು ಸಾಲುಸಾಲಾಗಿ ಲೆಕ್ಕ ಹಾಕಿದರೆ ತಲಾ 1.125, ಪೂರ್ಣಗೊಳಿಸಿದರೆ 1.13, ಹತ್ತಕ್ಕೆ 11.30. ಒಟ್ಟು 125 ರೂಪಾಯಿಯ ಮೇಲೆ ಒಮ್ಮೆಗೇ ಹಾಕಿದರೆ 11.25. ಎಸ್‌ಜಿಎಸ್‌ಟಿಯಲ್ಲೂ ಅಷ್ಟೇ ವ್ಯತ್ಯಾಸ, ಒಟ್ಟು ಹತ್ತು ಪೈಸೆ. ಎರಡು ತಂತ್ರಾಂಶಗಳು ಎರಡು ಕ್ರಮ ಅನುಸರಿಸಿದರೆ ಸಾವಿರ ಬಿಲ್ಲುಗಳಲ್ಲಿ ಗ್ರಾಹಕರ ಖಾತೆ ಎಂದಿಗೂ ಸೊನ್ನೆಯಾಗುವುದಿಲ್ಲ. ಲೆಕ್ಕಪತ್ರದ ತಂತ್ರಾಂಶಕ್ಕೆ ತೆರಿಗೆಯನ್ನು ಮತ್ತೊಮ್ಮೆ ಲೆಕ್ಕ ಹಾಕಲು ಬಿಡದೆ, ಬಿಲ್ಲಿನಲ್ಲಿ ಬಂದ ಮೊತ್ತವನ್ನೇ ಬರೆದುಕೊಳ್ಳುವಂತೆ ಮಾಡುವುದು ಪರಿಹಾರ.

ಕಂಪನಿಯಾಗಿ ನೋಂದಾಯಿಸಿಕೊಂಡವರು ಇನ್ನೊಂದನ್ನು ಗಮನಿಸಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವುದು ಕಡ್ಡಾಯ. ಹೊರಗಿನ ಪ್ರೋಗ್ರಾಂ ಮುಂಬಾಗಿಲಿನಿಂದ ಬರದೆ ನೇರವಾಗಿ ದತ್ತಾಂಶದ ಕಡತದೊಳಗೆ ಕೈಯಾಡಿಸಿದರೆ ಆ ಜಾಡು ತಪ್ಪುತ್ತದೆ. ಲೆಕ್ಕಪರಿಶೋಧಕರು ಅದನ್ನು ಒಪ್ಪಲಾರರು.

ಜೋಡಣೆಯನ್ನು ಯಾವಾಗ ಆರಂಭಿಸಬೇಕೆಂದು ಕೇಳುವವರು ಸಾಮಾನ್ಯವಾಗಿ ಏಪ್ರಿಲ್ 1 ಎನ್ನುತ್ತಾರೆ. ಹೊಸ ವರ್ಷ, ಹೊಸ ಲೆಕ್ಕ ಎಂಬ ಭಾವನೆ ಸಹಜವೇ. ಆದರೆ ಅಂದು ಬಿಲ್ಲಿನ ಸಂಖ್ಯೆಗಳು ಮತ್ತೆ ಒಂದರಿಂದ ಆರಂಭವಾಗುತ್ತವೆ. ಆರ್ಥಿಕ ವರ್ಷವೂ ಸೇರುವುದರಿಂದ ಐಆರ್‌ಎನ್‌ಗೆ ತೊಂದರೆಯಿಲ್ಲವಾದರೂ, ಸಂಪರ್ಕದ ಪ್ರೋಗ್ರಾಂ ಬಿಲ್ಲಿನ ಸಂಖ್ಯೆಯೊಂದನ್ನೇ ನೆನಪಿಟ್ಟುಕೊಳ್ಳುವಂತಹದಾದರೆ ಹೋದ ವರ್ಷದ 1ನೇ ಬಿಲ್ಲನ್ನು ಕಂಡು ‘ಇದು ಆಗಲೇ ಹೋಗಿದೆ’ ಎಂದು ಹೊಸದನ್ನು ಬಿಟ್ಟುಬಿಡುತ್ತದೆ. ಜನವರಿಯಲ್ಲಿ ಆರಂಭಿಸಿ, ಎರಡು ತಿಂಗಳು ಕೈಬರಹದ ತಾಳೆಯೊಂದಿಗೆ ನಡೆಸಿ, ವರ್ಷಾಂತ್ಯದ ಈ ತಿರುವನ್ನು ಜೋಡಿಸಿಕೊಟ್ಟವರ ಸಮ್ಮುಖದಲ್ಲಿಯೇ ದಾಟಿದ ಮೇಲೆ ಉಳಿದ ಕಂತಿನ ಹಣ ಕೊಡುವ ಕರಾರು ಮಾಡಿಕೊಳ್ಳುವುದು ಒಳ್ಳೆಯದು.